ಚಳಿಯಲ್ಲಿ ಕೆಡುವ ಫೋರ್ಕನ್ನು ಬೆಚ್ಚಗಿನ ಕೋಣೆಯಲ್ಲಿ ಪರೀಕ್ಷಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಮೌಂಟನ್ ಬೈಕ್ ಸಸ್ಪೆನ್ಷನ್ ಫೋರ್ಕಿನ ದೋಷ ಮತ್ತು ವಾರಂಟಿ ನಿರಾಕರಣೆ

ಮಾನ್ಯರೇ,

ನನ್ನ ಬೈಕಿನಲ್ಲಿರುವುದು ನಿಮ್ಮ ಕಂಪನಿಯ 150 ಮಿ.ಮೀ. ಟ್ರಾವೆಲ್‌ನ ಏರ್ ಫೋರ್ಕ್. ಮುಂಚಕ್ರದ ಏಟು ತಡೆಯಲು ಗಾಳಿಯೇ ಸ್ಪ್ರಿಂಗ್ ಆಗಿರುವ, 150 ಮಿ.ಮೀ. ವರೆಗೆ ಕುಸಿಯಬಲ್ಲ ಫೋರ್ಕ್ ಇದು. ವಾರಂಟಿ ಇನ್ನೂ ಮುಗಿದಿಲ್ಲ. ಚಳಿಯಲ್ಲಿ ಇದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ನಿಮ್ಮ ಸರ್ವಿಸ್ ಸೆಂಟರ್‌ಗೆ ಕೊಟ್ಟಿದ್ದೆ. ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿ ಅಂಟಿಸಿಕೊಂಡು ವಾಪಸ್ ಬಂತು. ಎಲ್ಲಿ ಪರೀಕ್ಷೆ ಮಾಡಿದಿರಿ ಎಂದು ಕೇಳಿದೆ. ವರ್ಕ್‌ಶಾಪ್ ಒಳಗೇ, ಬೆಚ್ಚಗಿನ ಕೋಣೆಯಲ್ಲಿ ಎಂದರು. ಚಳಿಯಲ್ಲಿ ಮಾತ್ರ ಬರುವ ತೊಂದರೆ ಅಲ್ಲಿ ಕಾಣುವುದಾದರೂ ಹೇಗೆ?

‘ಚಳಿಗೆ ಎಲ್ಲ ಏರ್ ಫೋರ್ಕ್‌ಗಳೂ ಹೀಗೇ’ ಎಂಬುದು ಅವರ ಇನ್ನೊಂದು ಉತ್ತರ. ಅದು ಅರ್ಧ ನಿಜ. ತಣ್ಣಗಾದರೆ ಗಾಳಿಯ ಒತ್ತಡ ಇಳಿಯುತ್ತದೆ. 25 ಡಿಗ್ರಿಯಲ್ಲಿ 80 ಪಿಎಸ್‌ಐ ತುಂಬಿದ ಫೋರ್ಕ್ ಸೊನ್ನೆ ಡಿಗ್ರಿಗೆ ಬಂದರೆ ಸುಮಾರು 72 ತೋರಿಸುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಹೊರಗೆ ನಿಂತು ಇನ್ನೊಂದಿಷ್ಟು ಗಾಳಿ ಹಾಕಿಕೊಂಡರೆ ಆಯಿತು. ಆದರೆ ಹಾಗೆ ಇಳಿದ ಒತ್ತಡ, ಫೋರ್ಕ್ ಮತ್ತೆ ಬೆಚ್ಚಗಾದಾಗ ತಾನಾಗಿ ಏರಬೇಕು, ಅಲ್ವಾ? ನನ್ನದರಲ್ಲಿ ಏರುವುದಿಲ್ಲ.

ಇದನ್ನು ಪಂಪ್ ಹಚ್ಚಿ ನೋಡಿ ಹೇಳುತ್ತಿಲ್ಲ. ಪಂಪಿನ ಮೆದುಗೊಳವೆಯೇ ಸ್ವಲ್ಪ ಗಾಳಿ ಎಳೆದುಕೊಳ್ಳುತ್ತದೆ ಎಂಬುದು ನನಗೂ ಗೊತ್ತು. ಅದಕ್ಕೇ ಪಂಪ್ ಮುಟ್ಟದೆ ಸ್ಯಾಗ್, ಅಂದರೆ ಸವಾರ ಕೂತಾಗ ಫೋರ್ಕ್ ಎಷ್ಟು ಕುಸಿಯುತ್ತದೆ ಎಂಬುದನ್ನು, ಅಳೆದೆ. ಮನೆಯೊಳಗೆ, ಅದೇ ಬಟ್ಟೆ, ಅದೇ ಚೀಲ ಹಾಕಿಕೊಂಡು ಕೂತಾಗ ಓ-ರಿಂಗ್ (ಕುಸಿತ ಗುರುತಿಸುವ ರಬ್ಬರ್ ಬಳೆ) ಸುಮಾರು 38 ಮಿ.ಮೀ.ಗೆ ನಿಂತಿತ್ತು. ಚಳಿಯಲ್ಲಿ ಓಡಿಸಿ ಬಂದು, ರಾತ್ರಿಯಿಡೀ ಒಳಗೆ ಬೆಚ್ಚಗಿಟ್ಟು, ಮತ್ತೆ ಕೂತು ನೋಡಿದರೆ 50. ಇಷ್ಟೇ ಅಲ್ಲ. ಬೈಕಿನಿಂದ ಇಳಿದ ಮೇಲೂ ಫೋರ್ಕ್ ಪೂರ್ತಿ ಮೇಲೇಳುವುದಿಲ್ಲ. ಹ್ಯಾಂಡಲ್ ಹಿಡಿದು ಎಳೆದರೂ ಕೆಲವು ಮಿ.ಮೀ. ಒಳಗೇ ಉಳಿಯುತ್ತದೆ. ಗಾಳಿ ಪಿಸ್ಟನ್ನಿನ ರಬ್ಬರ್ ಸೀಲನ್ನು ದಾಟಿ, ಫೋರ್ಕನ್ನು ಒಳಕ್ಕೆ ಎಳೆಯುವ ನೆಗೆಟಿವ್ ಚೇಂಬರ್‌ಗೆ ಹೋಗುತ್ತಿದೆ ಎಂಬುದು ನನ್ನ ಅನುಮಾನ. ಚಳಿಗೆ ರಬ್ಬರ್ ಗಡುಸಾಗುತ್ತದೆ, ಲೋಹಕ್ಕಿಂತ ಜಾಸ್ತಿ ಕುಗ್ಗುತ್ತದೆ. ಬೆಚ್ಚಗಿದ್ದಾಗ ಹೇಗೋ ತಡೆದುಕೊಳ್ಳುವ ಸವೆದ ಸೀಲ್, ತಣ್ಣಗಾದಾಗ ಬಿಟ್ಟುಕೊಡುತ್ತದೆ. ಫೋರ್ಕಿನ ಒಂದು ಕಾಲಿನ ಸ್ಟ್ಯಾಂಶನ್ (ಒಳಗೆ ಜಾರುವ ಮೇಲಿನ ಕೊಳವೆ) ಮೇಲೆ ಎಣ್ಣೆಯ ಉಂಗುರವೂ ಮೂಡುತ್ತದೆ. ಒರೆಸಿದರೆ ಮುಂದಿನ ಸವಾರಿಗೆ ಮತ್ತೆ ಅಲ್ಲೇ ಇರುತ್ತದೆ. ಇದನ್ನು ನೋಡಲು ಫೋರ್ಕ್ ಬಿಚ್ಚಲೇಬೇಕಿಲ್ಲ. ಆದರೂ ನಿಮ್ಮ ಚೀಟಿಯಲ್ಲಿ ಇದರ ಮಾತೇ ಇಲ್ಲ.

ಡ್ಯಾಂಪರ್, ಅಂದರೆ ಎಣ್ಣೆಯ ಮೂಲಕ ಫೋರ್ಕಿನ ವೇಗ ತಡೆಯುವ ಭಾಗದ ವಿಷಯವೂ ಇದೆ. ಚಳಿಗೆ ಎಣ್ಣೆ ದಪ್ಪಗಾಗುತ್ತದೆ, ರೀಬೌಂಡ್ (ಕುಸಿದ ಫೋರ್ಕ್ ಮತ್ತೆ ಮೇಲೇಳುವುದು) ನಿಧಾನವಾಗುತ್ತದೆ. ಅದರ ತಿರುಪನ್ನು ಒಂದೆರಡು ಕ್ಲಿಕ್ ಸಡಿಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಾನು ಪೂರ್ತಿ ಬಿಟ್ಟರೂ ಫೋರ್ಕ್ ಎದ್ದು ಬರುವುದಿಲ್ಲ. ಸಾಲಾಗಿ ಬೇರುಗಳಿರುವ ಇಳಿಜಾರಿನಲ್ಲಿ ಮೊದಲ ಬೇರಿಗೆ ಕುಸಿದದ್ದು ಎರಡನೆಯದು ಬರುವಷ್ಟರಲ್ಲಿ ಮೇಲೇಳಿರಬೇಕು. ನನ್ನದು ಏಳದೆ ಇನ್ನೂ ಕೆಳಗೆ ಹೋಗುತ್ತದೆ. ಆಮೇಲಿನ ಏಟು ನೇರವಾಗಿ ಕೈಗೆ. ಅಂಥ ಹೊತ್ತಲ್ಲಿ ಬ್ರೇಕ್ ಹಿಡಿದರೆ ಬೈಕಿನ ಮೂತಿ ನೆಲಕ್ಕೆ ಬಾಗುತ್ತದೆ. ಸವಾರ ಹ್ಯಾಂಡಲ್ ದಾಟಿ ಬೀಳುವ ಅಪಾಯ ಇದು. ಸುಮ್ನೆ ‘ಸವಾರಿ ಹಿತವಾಗಿಲ್ಲ’ ಎಂಬ ದೂರು ಅಂದುಕೊಳ್ಳಬೇಡಿ.

ದಯವಿಟ್ಟು ಫೋರ್ಕನ್ನು ಒಂದು ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಇಟ್ಟು, ತಣ್ಣಗಿರುವಾಗಲೇ ಒತ್ತಿ ಬಿಟ್ಟು ನೋಡಿ. ಆಮೇಲೆ ಬೆಚ್ಚಗಾಗಿಸಿ ಎಷ್ಟು ಮೇಲೇಳುತ್ತದೆ ಎಂದು ಅಳೆಯಿರಿ. ಏರ್ ಸ್ಪ್ರಿಂಗ್ ಸೀಲ್‌ಗಳನ್ನು ವಾರಂಟಿಯಲ್ಲೇ ಬದಲಿಸಿ. ಡ್ಯಾಂಪರ್‌ಗೆ ಯಾವ ಎಣ್ಣೆ ಹಾಕಿದ್ದೀರಿ ಎಂದು ಬರೆದು ತಿಳಿಸಿ. ‘5 ವೇಯ್ಟ್’ ಎಂದಷ್ಟೇ ಬರೆದರೆ ಸಾಲದು, ಏಕೆಂದರೆ ಅದು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪದ ಅಳತೆ), ವಿಸ್ಕಾಸಿಟಿ ಇಂಡೆಕ್ಸ್ ಎಷ್ಟು ಎಂಬುದು ಬೇಕು. ಇಂಡೆಕ್ಸ್ ಜಾಸ್ತಿ ಇರುವ ಎಣ್ಣೆ ಚಳಿಗೆ ಅಷ್ಟಾಗಿ ದಪ್ಪಗಾಗುವುದಿಲ್ಲ.

ನಿಮ್ಮ ಕೈಪಿಡಿಯಲ್ಲಿ ಸವಾರನ ತೂಕಕ್ಕೆ ಒತ್ತಡದ ಪಟ್ಟಿ ಇದೆ. ಎಷ್ಟು ಡಿಗ್ರಿಯಲ್ಲಿ ಅದು ಅನ್ವಯಿಸುತ್ತದೆ ಎಂಬ ಒಂದು ಸಾಲೂ ಇಲ್ಲ. ಅದನ್ನೂ ಸೇರಿಸಿ.

ಫೋರ್ಕನ್ನು ನಾನು ಬಿಚ್ಚಿಲ್ಲ, ಬೇರೆಯವರ ಕೈಯಲ್ಲಿ ಬಿಚ್ಚಿಸಿಯೂ ಇಲ್ಲ. ಅಳತೆಯ ಫೋಟೋಗಳು ಮತ್ತು ನಿಮ್ಮ ಚೀಟಿಯ ಪ್ರತಿ ಜೊತೆಗಿವೆ. ಉತ್ತರ ಲಿಖಿತವಾಗಿ ಬೇಕು.

ಇಂತಿ,
ನಿಮ್ಮ ಗ್ರಾಹಕ