ಕಂಪೋಟಿನ ಮೆಣಸು ಮತ್ತು ಹೊಳೆಯೊಳಗಿನ ಲಿಂಗಗಳು: ಅಪ್ಪಯ್ಯ, ಆಯಿಗೆ ಪತ್ರ

ಕಂಪೋಟ್, ಕಾಂಬೋಡಿಯಾ
ಫೆಬ್ರವರಿ, ಭಾನುವಾರ

ಪ್ರೀತಿಯ ಅಪ್ಪಯ್ಯ ಮತ್ತು ಆಯಿಗೆ,

ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ಬೇಜಾರಿನ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸಲದ ಮಾರಿಕಾಂಬಾ ಜಾತ್ರೆಗೆ ನಾವು ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಅದನ್ನೂ ತಪ್ಪಿಸುತ್ತಾಳಲ್ಲ ಈ ಹುಡುಗಿ ಅಂತ ಆಯಿ ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಆದರೆ ಈಗ ಹಿಂದೆ ತಿರುಗಿದರೆ ಇಂಡೋನೇಷ್ಯಾ ಪೂರ್ತಿ ಬಿಟ್ಟುಹೋಗುತ್ತದೆ. ಇಬ್ಬರೂ ಒಟ್ಟಿಗೆ ಕೆಲಸ ಬಿಟ್ಟು ಹೀಗೆ ಚೀಲ ಬೆನ್ನಿಗೇರಿಸಿ ಹೊರಡುವುದು ಇನ್ನೊಮ್ಮೆ ಆಗುತ್ತದೋ ಇಲ್ಲವೋ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಮನೆಯಲ್ಲಿರುತ್ತೇವೆ. ಆಯಿ, ನಮ್ಮ ಹೆಸರಲ್ಲಿ ದೇವಿಗೆ ಉಡಿ ತುಂಬಿಸಿಬಿಡು.

ವಾರಕ್ಕೆರಡು ಸಲ ಫೋನ್ ಮಾಡುವವಳು ಪತ್ರ ಯಾಕೆ ಬರೆದಳು ಅಂತ ಕೇಳಬೇಡಿ. ಫೋಟೋ ಕಳಿಸಿದರೆ ಆಯಿ ‘ಚೊಲೋ ಇದ್ದು’ ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಅಪ್ಪಯ್ಯ ಕೇಳುವುದೆಲ್ಲ ಫೋಟೋದಲ್ಲಿ ಇರುವುದಿಲ್ಲ. ಇಲ್ಲಿನ ಮೆಣಸಿನ ಬಳ್ಳಿಗೆ ಆಸರೆ ಯಾವ ಮರ, ಬುಡಕ್ಕೆ ಏನು ಹಾಕುತ್ತಾರೆ, ಸೊರಗು ರೋಗಕ್ಕೆ ಏನು ಮಾಡುತ್ತಾರೆ. ನೆಟ್‌ವರ್ಕ್ ಸಿಕ್ಕಿದ ಐದು ನಿಮಿಷದಲ್ಲಿ ಇದನ್ನೆಲ್ಲ ಹೇಳಲಿಕ್ಕೆ ಆಗುತ್ತದಾ? ಅದಕ್ಕೇ ಕೂತು ಬರೆಯುತ್ತಿದ್ದೇನೆ. ತಮ್ಮನ ಹತ್ತಿರ ಪ್ರಿಂಟ್ ತೆಗೆಸಿಕೊಂಡು ಓದಿ.

ಥಾಯ್ಲೆಂಡಿನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅಲ್ಲಿಗೆ ಹೋಗಿ ಬಂದವರು ನಮ್ಮ ಊರಲ್ಲೇ ಬೇಕಾದಷ್ಟು ಜನ ಇದ್ದಾರೆ. ಉತ್ತರದಲ್ಲಿ ಮೆಕಾಂಗ್ ನದಿ ದಾಟಿ ಲಾವೋಸ್‌ಗೆ ಬಂದೆವು. ಗಡಿಯ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ದೋಣಿಯಲ್ಲಿ ಎರಡು ದಿನದ ಪ್ರಯಾಣ, ರಾತ್ರಿ ನಡುವಿನ ಪಾಕ್‌ಬೆಂಗ್ ಎಂಬ ಊರಲ್ಲಿ ಉಳಿಯಬೇಕು. ಉದ್ದನೆಯ ಮರದ ದೋಣಿ. ಕೂರಲಿಕ್ಕೆ ಹಳೆಯ ವ್ಯಾನುಗಳಿಂದ ಕಿತ್ತು ತಂದ ಸೀಟುಗಳು. ಅವಕ್ಕೆ ಮೊಳೆಯೂ ಇಲ್ಲ, ಬೋಲ್ಟೂ ಇಲ್ಲ. ಪಕ್ಕದವರು ಕಾಲು ಚಾಚಿದರೆ ನಮ್ಮ ಸೀಟು ಹಿಂದೆ ಸರಿಯುತ್ತದೆ. ಅಕ್ಕಿ ಚೀಲ, ಕೋಳಿ, ಮೋಟರ್‌ಬೈಕು ಎಲ್ಲವೂ ಅದೇ ದೋಣಿಯಲ್ಲಿ. ಈಗ ಲಾವೋಸ್‌ನಲ್ಲಿ ಚೀನಾ ಕಟ್ಟಿಸಿದ ರೈಲು ಇದೆ, 2021ರ ಡಿಸೆಂಬರಿನಲ್ಲಿ ಶುರುವಾಯಿತು. ಲುವಾಂಗ್ ಪ್ರಬಾಂಗ್‌ನಿಂದ ರಾಜಧಾನಿಗೆ ಎರಡು ಗಂಟೆ ಚಿಲ್ಲರೆ ಸಾಕು. ಬಸ್ಸಿನಲ್ಲಾಗಿದ್ದರೆ ಇಡೀ ಹಗಲು ಬೇಕಿತ್ತು. ಆದರೂ ನನ್ನನ್ನು ಕೇಳಿದರೆ ದೋಣಿಯೇ ಸೈ. ನಿಮ್ಮ ಅಳಿಯಂದಿರು ಒಪ್ಪುವುದಿಲ್ಲ. ಪ್ರಸನ್ನನಿಗೆ ಆ ಸೀಟಿನಿಂದ ಬಂದ ಬೆನ್ನುನೋವು ಬಹಳ ದಿನ ಇತ್ತು.

ದಕ್ಷಿಣ ಲಾವೋಸ್‌ನಲ್ಲಿ ವಾಟ್ ಫು ನೋಡಿದೆವು. ಬೆಟ್ಟದ ತುದಿಯ ಬಂಡೆ ತಾನೇ ಲಿಂಗದ ಹಾಗೆ ಎದ್ದು ನಿಂತಿದೆ. ಹಿಂದಿನವರು ಆ ಬೆಟ್ಟವನ್ನು ಲಿಂಗಪರ್ವತ ಅಂತಲೇ ಕರೆದಿದ್ದರು. ಅದರ ಮಗ್ಗುಲಲ್ಲಿ ಶಿವನ ಗುಡಿ. ಗುಡಿಯ ಹಿಂದಿನ ಬಂಡೆಯಿಂದ ಒಸರುವ ನೀರನ್ನು ಕಲ್ಲಿನ ಕಾಲುವೆಯಲ್ಲಿ ಒಳಗೆ ತಂದು ಲಿಂಗದ ಮೇಲೆ ಬೀಳುವ ಹಾಗೆ ಮಾಡಿದ್ದರಂತೆ. ವರ್ಷವಿಡೀ ಅಭಿಷೇಕ, ಭಟ್ಟರೇ ಬೇಡ! ಈಗ ಗರ್ಭಗುಡಿಯಲ್ಲಿ ಬುದ್ಧ ಕೂತಿದ್ದಾನೆ. ಹತ್ತುವ ಮೆಟ್ಟಿಲಿನ ಎರಡೂ ಬದಿಗೆ ನಮ್ಮ ಗೋಸಂಪಿಗೆ ಮರಗಳು, ಹೂವೆಲ್ಲ ಕಲ್ಲಿನ ಮೇಲೆ ಉದುರಿರುತ್ತದೆ.

ಆಯಿಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ನಮ್ಮ ಊಟದ್ದು ಅಲ್ವಾ? ವಿಯೆಟ್ನಾಂನಲ್ಲಿ ನಮಗೆ ಊಟದ ಕಷ್ಟವೇ ಆಗಲಿಲ್ಲ. ಅಲ್ಲಿನ ಬೌದ್ಧರು ಹುಣ್ಣಿಮೆ, ಅಮಾವಾಸ್ಯೆಗೆ ಮೀನು ಮಾಂಸ ಮುಟ್ಟುವುದಿಲ್ಲ. ಅವರಿಗಾಗಿಯೇ ಓಣಿ ಓಣಿಯಲ್ಲಿ ‘ಚಾಯ್’ (ಅಂದರೆ ಸಸ್ಯಾಹಾರ) ಅಂತ ಬೋರ್ಡು ಹಾಕಿದ ಸಣ್ಣ ಹೋಟೆಲುಗಳಿವೆ. ಮಜ್ಜಿಗೆಹುಲ್ಲು, ಒಣಮೆಣಸು ಹಾಕಿ ಹುರಿದ ತೋಫು, ಎಳೆ ಹಲಸಿನಕಾಯಿ, ಬಿಸಿ ಅನ್ನ. ಹಲಸು ಅಲ್ಲಿ ವರ್ಷವಿಡೀ ಸಿಗುತ್ತದೆ. ಕಾಂಬೋಡಿಯಾದಲ್ಲಿ ಸ್ವಲ್ಪ ಹುಷಾರಾಗಿರಬೇಕು. ಪ್ರಹೋಕ್ ಅಂತ ಮೀನಿನ ಗೊಜ್ಜು ಒಂದಿದೆ, ಅದಿಲ್ಲದೆ ಇವರಿಗೆ ಅಡುಗೆ ಆಗುವುದಿಲ್ಲ. ಸೊಪ್ಪಿನ ಪಲ್ಯ ಅಂತ ನಂಬಿ ಬಾಯಿಗಿಟ್ಟರೆ ಕಥೆ ಮುಗಿಯಿತು. ಕೇಳಿಯೇ ತಿನ್ನುತ್ತೇವೆ. ರಸ್ತೆ ಬದಿ ಮಾರುವ ಬಿದಿರಿನ ಅನ್ನ ಮಾತ್ರ ಕಣ್ಣುಮುಚ್ಚಿ ತಿನ್ನಬಹುದು. ಅಂಟಕ್ಕಿ, ಅಲಸಂದೆ, ಕಾಯಿಹಾಲು ಸೇರಿಸಿ ಬಿದಿರಿನ ಅಂಡೆಗೆ ತುಂಬಿ ಕೆಂಡದ ಮೇಲೆ ಸುಡುತ್ತಾರೆ. ಮಾರುವಾಕೆ ಸುಟ್ಟ ಕಪ್ಪು ಸಿಪ್ಪೆಯನ್ನು ಮೊದಲೇ ಹೆರೆದಿಟ್ಟಿರುತ್ತಾಳೆ. ಉಳಿದ ಬಿಳಿ ಪಟ್ಟಿಯನ್ನು ನಾವು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎಳೆದರಾಯಿತು. ಬಿದಿರಿನ ಒಳಗಿನ ತೆಳುಪೊರೆ ಅನ್ನಕ್ಕೇ ಅಂಟಿಕೊಂಡಿರುತ್ತದೆ, ಕೈಗೆ ಒಂದು ಅಗುಳೂ ಮೆತ್ತುವುದಿಲ್ಲ. ನೀನು ಕಟ್ಟಿಕೊಟ್ಟ ಅಪ್ಪೆಮಿಡಿ ವಿಯೆಟ್ನಾಂನಲ್ಲೇ ಖಾಲಿ. ಕೊನೆಗೆ ಪ್ರಸನ್ನ ಬಾಟಲಿಗೆ ಬಿಸಿ ಅನ್ನ ಹಾಕಿ ಕುಲುಕಿಕೊಂಡು ತಿಂದ.

ಅಂಗ್ಕೋರ್ ವಾಟ್ ನೋಡಿದೆವು. ಸೂರ್ಯವರ್ಮ 12ನೇ ಶತಮಾನದಲ್ಲಿ ವಿಷ್ಣುವಿಗೆ ಕಟ್ಟಿಸಿದ್ದು. ಗೋಡೆಯ ಮೇಲಿನ ಸಮುದ್ರಮಥನ ಎಷ್ಟು ನಡೆದರೂ ಮುಗಿಯುವುದಿಲ್ಲ. ಒಬ್ಬರಿಗೆ ಒಂದು ದಿನದ ಟಿಕೆಟ್ 37 ಡಾಲರ್! ಮೂರು ದಿನದ್ದು 62. ಲೆಕ್ಕ ಹಾಕಿ ಮೂರು ದಿನದ್ದೇ ತೆಗೆದೆವು. ದೊಡ್ಡದು, ಚೆಂದದ್ದು, ಜಾತ್ರೆಯಷ್ಟು ಜನ. ಅದೇ ಟಿಕೆಟ್‌ನಲ್ಲಿ ನೋಡಬಹುದಾದ ಇನ್ನೊಂದು ಜಾಗವೇ ನನಗೆ ಹೆಚ್ಚು ಹಿಡಿಸಿತು. ನಿಮಗೂ ಹಿಡಿಸುತ್ತದೆ, ಕೇಳಿ.

ಸಿಯೆಮ್ ರೀಪ್ ಪೇಟೆಯಿಂದ ಸುಮಾರು 50 ಕಿ.ಮೀ. ದೂರದಲ್ಲಿ ಕ್ಬಾಲ್ ಸ್ಪೀನ್ ಅಂತ ಒಂದು ಹೊಳೆ. ಒಂದೂವರೆ ಕಿ.ಮೀ. ಕಾಡಿನ ಏರು ಹತ್ತಬೇಕು. ಹತ್ತಿದ ಮೇಲೆ ನೋಡಿದರೆ ಹೊಳೆಯ ತಳದ ಬಂಡೆಯ ತುಂಬ ಲಿಂಗಗಳು! ನಮ್ಮ ಶಾಲ್ಮಲೆಯ ಸಹಸ್ರಲಿಂಗಕ್ಕೆ ಎಷ್ಟು ಸಲ ಹೋಗಿಲ್ಲ ನಾವು? ಆದರೆ ಅಲ್ಲಿ ಒಂದೊಂದು ಬಂಡೆಗೂ ಒಂದೊಂದು ಲಿಂಗ, ಎದುರಿಗೆ ಅದರದ್ದೇ ನಂದಿ. ಇಲ್ಲಿ ಹಾಗೆ ಲಿಂಗಕ್ಕೊಂದು ನಂದಿ ಇಲ್ಲ. ಗೇಣಗಲದ ಲಿಂಗಗಳನ್ನು ಸಾಲು ಸಾಲಾಗಿ ಹೊಳೆಯ ತಳದಲ್ಲೇ ಕೊರೆದಿದ್ದಾರೆ. ನೀರು ಅವುಗಳ ಮೇಲೇ ಹರಿಯಬೇಕು, ಅದೇ ಉದ್ದೇಶ. ಲಿಂಗಗಳನ್ನು ಮುಟ್ಟಿ ಬಂದ ನೀರು ಕೆಳಗೆ ಅಂಗ್ಕೋರಿನ ಕೆರೆಗಳಿಗೆ, ಗದ್ದೆಗಳಿಗೆ ಹೋಗುತ್ತಿತ್ತು. ಊರಿಗೆಲ್ಲ ತೀರ್ಥ, ಬತ್ತಕ್ಕೂ ತೀರ್ಥ. ಸ್ವಲ್ಪ ಆಚೆಗೆ ಅನಂತಶಯನ ಇದ್ದಾನೆ. ಹೊಕ್ಕುಳಿನಿಂದ ಎದ್ದ ತಾವರೆಯಲ್ಲಿ ಬ್ರಹ್ಮ. ಮಳೆಗಾಲದಲ್ಲಿ ಇದೆಲ್ಲ ನೀರಿನಡಿ ಹೋಗುತ್ತದೆ, ಈಗ ನೀರು ಕಡಿಮೆಯಾದ್ದರಿಂದ ಚೆನ್ನಾಗಿ ಕಾಣಿಸಿತು. ಹೆಚ್ಚಿನವು 11ನೇ ಶತಮಾನದವು. ಅಂದರೆ ಸೋಂದೆಯ ಅರಸರು ನಮ್ಮ ಹೊಳೆಯಲ್ಲಿ ಲಿಂಗ ಕೆತ್ತಿಸುವುದಕ್ಕೆ ಎಷ್ಟೋ ತಲೆಮಾರು ಮೊದಲು.

ಹೊರಗಿನವರಿಗೆ ಇದು ಗೊತ್ತಾದದ್ದು 1969ರಲ್ಲಿ, ಒಬ್ಬ ಫ್ರೆಂಚ್ ವಿದ್ವಾಂಸನಿಂದ. ಅದಾದ ಸ್ವಲ್ಪದರಲ್ಲೇ ಯುದ್ಧ ಶುರುವಾಗಿ ಈ ಕಡೆ ಯಾರೂ ಕಾಲಿಡದ ಹಾಗಾಯಿತು. ಆಮೇಲೆ ಕಳ್ಳರು ಬಂದು ಕೆಲವು ಮುಖಗಳನ್ನು ಕೆತ್ತಿ ಒಯ್ದಿದ್ದಾರೆ. ಉಳಿದಷ್ಟರಲ್ಲಿ ನಾನು ಒಂದು ಸಾಲು ಎಣಿಸಲಿಕ್ಕೆ ಹೋದೆ, ಪ್ರಸನ್ನ ಮಧ್ಯೆ ಮಾತಾಡಿಸಿ ಲೆಕ್ಕ ತಪ್ಪಿಸಿದ.

ಇನ್ನು ಅಪ್ಪಯ್ಯನ ವಿಷಯಕ್ಕೆ ಬರುತ್ತೇನೆ. ಕಂಪೋಟ್ ಸಮುದ್ರದ ಹತ್ತಿರದ ಊರು. ಪೇಟೆ ದಾಟಿದರೆ ಸಾಣಿಕಟ್ಟೆಯ ಹಾಗೆ ಉಪ್ಪಿನ ಗದ್ದೆಗಳು, ಅದರಾಚೆ ಗುಡ್ಡದ ಬುಡದಲ್ಲಿ ಮೆಣಸಿನ ತೋಟಗಳು. ತೋಟ ಅಂದರೆ ನಮ್ಮ ಅಡಿಕೆ ತೋಟದ ನೆರಳು, ತಂಪು ಏನೂ ಇಲ್ಲ. ಬಯಲಿನಲ್ಲಿ ಸಾಲಾಗಿ ಕಂಬ ನೆಟ್ಟಿದ್ದಾರೆ, ಎರಡಾಳು ಎತ್ತರದ್ದು. ಕೆಲವು ಕಡೆ ಮರದ್ದು, ಕೆಲವು ಕಡೆ ಇಟ್ಟಿಗೆಯದು. ಬಳ್ಳಿ ಕಂಬವನ್ನು ಬುಡದಿಂದ ತುದಿಯವರೆಗೆ ಮುಚ್ಚಿಬಿಟ್ಟಿದೆ. ಎಳೆ ಬಳ್ಳಿಗೆ ಮಾತ್ರ ಮೇಲೆ ಗರಿಯ ಚಪ್ಪರ. ಸಾಲುಗಳ ನಡುವೆ ಬಸಿಗಾಲುವೆ ತೆಗೆದಿದ್ದಾರೆ, ಬುಡದಲ್ಲಿ ನೀರು ನಿಲ್ಲಬಾರದು ಅನ್ನುವುದು ಇವರಿಗೂ ಮೊದಲ ಪಾಠ. ವರ್ಷಕ್ಕೊಮ್ಮೆ ಹೊಸ ಮಣ್ಣು ಕೊಡುತ್ತಾರೆ. ಗೊಬ್ಬರ ದನದ್ದು, ಜೊತೆಗೆ ಬಾವಲಿ ಹಿಕ್ಕೆ. ರಾಸಾಯನಿಕ ಹಾಕುವ ಹಾಗೇ ಇಲ್ಲ, ಹಾಕಿದರೆ ಕಂಪೋಟ್ ಮೆಣಸು ಅಂತ ಮಾರುವ ಹಕ್ಕು ಹೋಗುತ್ತದೆ.

ಕೊಯ್ಲು ಫೆಬ್ರವರಿಯಿಂದ ಮೇ ತನಕ. ನಾವು ಹೋದಾಗ ಆಗಷ್ಟೇ ಶುರುವಾಗಿತ್ತು. ಕೊಯ್ಯುವುದರಲ್ಲಿ ವಿಶೇಷ ಏನಿಲ್ಲ, ಏಣಿ, ಬುಟ್ಟಿ, ಅಷ್ಟೇ. ನಾನು ಜಾಸ್ತಿ ಹೊತ್ತು ನಿಂತು ನೋಡಿದ್ದು ಆರಿಸುವ ಚಪ್ಪರದಲ್ಲಿ. ಉದ್ದ ಮೇಜಿನ ಎರಡೂ ಬದಿಗೆ ಹೆಂಗಸರು ಕೂತಿದ್ದಾರೆ. ಎದುರಿಗೆ ಬಿಳಿ ತಟ್ಟೆ, ಕೈಯಲ್ಲಿ ಚಿಮಟ. ಒಣಗಿದ ಕಾಳನ್ನು ತಟ್ಟೆಗೆ ಸುರಿದುಕೊಂಡು ಒಡೆದದ್ದು, ಸಣ್ಣದು, ಬಣ್ಣ ಕೆಟ್ಟದ್ದನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತಾರೆ. ಹೌದು ಅಪ್ಪಯ್ಯ, ಮೆಣಸಿನ ಕಾಳನ್ನು ಚಿಮಟದಲ್ಲಿ! ಒಂದೇ ಬಳ್ಳಿಯಿಂದ ನಾಲ್ಕು ಬಗೆ ಮಾಡುತ್ತಾರೆ. ಹಸಿರು ಗೊಂಚಲು ಹಾಗೇ ಅಡುಗೆಗೆ ಹೋಗುತ್ತದೆ. ಬಲಿತದ್ದು ಒಣಗಿ ಕರಿಮೆಣಸು. ಪೂರ್ತಿ ಹಣ್ಣಾದದ್ದನ್ನು ಸಿಪ್ಪೆ ಸಮೇತ ಒಣಗಿಸಿದರೆ ಕೆಂಪು ಮೆಣಸು. ಅದೇ ಹಣ್ಣನ್ನು ನೆನೆಸಿ ಸಿಪ್ಪೆ ತೆಗೆದರೆ ಬಿಳಿಮೆಣಸು, ನಮ್ಮ ಬೋಳಕಾಳು. ಕೆಂಪಿನದ್ದು ಬಾಯಿಗೆ ಹಾಕಿದರೆ ಮೊದಲು ಸ್ವಲ್ಪ ಸಿಹಿ, ಖಾರ ಆಮೇಲೆ ನಿಧಾನ ಬರುತ್ತದೆ. ನೂರು ಗ್ರಾಂ ಪೊಟ್ಟಣಕ್ಕೆ ಕೊಟ್ಟ ದುಡ್ಡಿನಲ್ಲಿ ನಾವಿಬ್ಬರೂ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದಿತ್ತು. ಅಷ್ಟಾದರೂ ಪ್ರವಾಸಿಗಳು ಸಾಲು ನಿಂತು ಕೊಳ್ಳುತ್ತಿದ್ದರು.

ಇವರೇನು ಮೊದಲಿನಿಂದ ಸುಖವಾಗಿದ್ದವರಲ್ಲ. 1975ರಿಂದ 79ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಡಳಿತ. ಪೇಟೆಯವರು, ತೋಟದವರು ಎನ್ನದೆ ಎಲ್ಲರನ್ನೂ ಹೊರಡಿಸಿ ಗದ್ದೆ ಕೆಲಸಕ್ಕೆ ಹಚ್ಚಿದರು. ಆ ನಾಲ್ಕು ವರ್ಷದಲ್ಲಿ ಸತ್ತವರು 15ರಿಂದ 20 ಲಕ್ಷ ಅನ್ನುತ್ತಾರೆ. ಫ್ರಾನ್ಸಿನ ತನಕ ಹೆಸರು ಮಾಡಿದ್ದ ಮೆಣಸಿನ ತೋಟಗಳು ಹಾಳುಬಿದ್ದವು. ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಕೆರೆ ಸಿಗುತ್ತದೆ, ನೋಡಲಿಕ್ಕೆ ಬಹಳ ಚೆಂದ. ಆ ಕಾಲದಲ್ಲಿ ಜನರನ್ನು ಹೊಡೆದು ಬಡಿದು ತೋಡಿಸಿದ ಕೆರೆ ಅದು. ತೋಟದ ಅಜ್ಜಿಯೊಬ್ಬರು ಎಲೆ ಅಡಿಕೆಯ ಕವಳ ಹಾಕಿಕೊಂಡು ಕೂತಿದ್ದರು. ಅವರ ಮೊಮ್ಮಗಳು ನಮಗೆ ಇಂಗ್ಲಿಷಿನಲ್ಲಿ ಹೇಳಿದಳು: ಮನೆಯವರು ತಿರುಗಿ ಬಂದಾಗ ಇಲ್ಲಿ ಬಳ್ಳಿಯೂ ಇರಲಿಲ್ಲ, ಕಂಬವೂ ಇರಲಿಲ್ಲ, ಪೊದೆಯೊಳಗೆ ಉಳಿದಿದ್ದ ಒಂದೆರಡು ಬುಡ ಹುಡುಕಿ ಕುಡಿ ನೆಟ್ಟರಂತೆ. ನಮ್ಮ ಮನೆಯಲ್ಲಿ ಅಡಿಕೆ ಬೆಳೆಯುತ್ತಾರೆ ಅಂತ ಹೇಳಿದ ಮೇಲೆ ಅಜ್ಜಿ ನನಗೂ ಒಂದು ಕವಳ ಮಡಿಸಿ ಕೊಟ್ಟರು. ಮದುವೆಗೆ ಇವರಿಗೂ ಅಡಿಕೆ ಹೂವಿನ ಸಿಂಗಾರ ಬೇಕೇ ಬೇಕು.

ಅಂಥವರು ಒಟ್ಟು ಸೇರಿ ಸಂಘ ಮಾಡಿಕೊಂಡು, 2010ರಲ್ಲಿ ತಮ್ಮ ದೇಶದಲ್ಲಿ ಜಿಐ (ಊರಿನ ಹೆಸರಿನ ಹಕ್ಕು ಕೊಡುವ ಭೌಗೋಳಿಕ ಸೂಚಕ) ಪಡೆದರು, 2016ರಲ್ಲಿ ಯುರೋಪಿನಲ್ಲಿ. ನಮ್ಮ ‘ಸಿರ್ಸಿ ಸುಪಾರಿ’ಗೂ 2019ರಲ್ಲಿ ಜಿಐ ಬಂತಲ್ಲ, ಹಾಗೆ. ನನಗೆ ಹೊಟ್ಟೆಕಿಚ್ಚಾದದ್ದು ಅಲ್ಲೇ. ಮೆಣಸಿನ ತವರು ನಮ್ಮ ಘಟ್ಟ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಇದೇ ಕಾಳಿಗಾಗಿ. ಆದರೆ ನಮ್ಮಲ್ಲಿ ಮಲ್ಲಿಗೆಸರ ತಳಿ, ಪಣಿಯೂರು ತಳಿ, ಬಲಿತದ್ದು, ಎಳೆಯದು ಎಲ್ಲ ಒಂದೇ ಚೀಲಕ್ಕೆ. ಚೀಲದ ಬಾಯಿ ಕಟ್ಟಿದ ಮೇಲೆ ಅದು ಯಾರ ಮನೆಯದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆಳು ಸಿಗುವುದಿಲ್ಲ, ಚಿಮಟ ಹಿಡಿದು ಕೂರುವವರು ಯಾರು ಅಂತ ನೀವು ಕೇಳುತ್ತೀರಿ. ನಿಜವೇ. ಇವರಿಗೆ ಪ್ರವಾಸಿಗಳು ಮನೆ ಬಾಗಿಲಿಗೇ ಬರುತ್ತಾರೆ, ನಮಗೆ ಅದಿಲ್ಲ. ತೋಟ ಪೂರ್ತಿ ಹೀಗೆ ಮಾಡಿ ಅಂತ ನಾನೂ ಹೇಳುವುದಿಲ್ಲ.

ಒಂದು ಕೆಲಸ ಮಾತ್ರ ಮಾಡಿ. ಬಾವಿ ಹತ್ತಿರದ ನಾಲ್ಕು ಬಳ್ಳಿ ಈಗಲೇ ಕೊಯ್ಯಬೇಡಿ, ಹಣ್ಣಾಗಲಿಕ್ಕೆ ಬಿಡಿ. ಹಕ್ಕಿಗೆ ಸ್ವಲ್ಪ ಹೋಗುತ್ತದೆ, ಹೋಗಲಿ. ಕೆಂಪಾದದ್ದನ್ನು ಬೇರೆ ಮಾಡಿ, ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ. ಎರಡು ಕಿಲೋ ಆದರೂ ಸಾಕು. ಬೆಂಗಳೂರಿನಲ್ಲಿ ಪ್ರಸನ್ನನ ಗೆಳೆಯನ ಅಂಗಡಿಯಲ್ಲಿ ಇಟ್ಟು ನೋಡೋಣ, ಪೊಟ್ಟಣದ ಮೇಲೆ ನಮ್ಮ ಊರಿನ ಹೆಸರು ಹಾಕಿ. ಹೋಗದಿದ್ದರೆ ಆಯಿಯ ಸಾರಿಗೆ ಆಯಿತು.

ಬುಧವಾರ ನಾಮ್ ಪೆನ್‌ಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಜಾವಾಕ್ಕೆ. ಪ್ರಂಬಾನನ್‌ನ ಶಿವನ ಗುಡಿ, ಬೊರೊಬುದುರ್ ನೋಡಿಕೊಂಡು ಬಾಲಿಗೆ ಹೋಗುತ್ತೇವೆ. ಜಾವಾದಲ್ಲೂ ಗಡಿಯಾರ ಇಲ್ಲಿಯದೇ, ನಿಮಗಿಂತ ಒಂದೂವರೆ ಗಂಟೆ ಮುಂದೆ. ಆದ್ದರಿಂದ ರಾತ್ರಿ ಎಂಟರ ಮೇಲೆ ಫೋನ್ ಮಾಡಬೇಡಿ, ಬೆಳಿಗ್ಗೆ ಮಾಡಿ. ತಮ್ಮನಿಗೆ ನನ್ನ ಟೇಬಲ್ ಡ್ರಾಯರಿನಲ್ಲಿರುವ ಪಾಸ್‌ಪೋರ್ಟ್ ಜೆರಾಕ್ಸ್ ಸ್ಕ್ಯಾನ್ ಮಾಡಿ ಕಳಿಸಲಿಕ್ಕೆ ಹೇಳಿ. ಅಪ್ಪಯ್ಯ, ಬಿ.ಪಿ. ಮಾತ್ರೆ ಬಿಡಬೇಡಿ. ಅಜ್ಜಿಗೆ ನಮಸ್ಕಾರ ತಿಳಿಸಿ. ಜಾತ್ರೆಯಿಂದ ನನಗೆ ಬಳೆ ತೆಗೆದಿಡು ಆಯಿ, ಹಸಿರಿನದ್ದು.

ಇಂತಿ ನಿಮ್ಮ ಮಗಳು