ಮುಂದೆ ನಡೆಯುವ ಅಪ್ಪಂದಿರು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಮುಂದಿನ ವಾರ ಅಪ್ಪನನ್ನು ಕಾರಿನಲ್ಲಿ ಧರ್ಮಸ್ಥಳಕ್ಕೆ ಕರಕೊಂಡು ಹೋಗಬೇಕು, ನಾವಿಬ್ಬರೇ, ದಾರಿಯುದ್ದಕ್ಕೂ ಏನು ಮಾತಾಡಲಿ ಅಂತ ಭಯ ಆಗ್ತಿದೆ ಅಂದೆ. ಆ ಭಯ ನನಗೂ ಗೊತ್ತು ಕಣೋ. ಆವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ರಾತ್ರಿ ನಿದ್ದೆ ಬರದೆ 'ಬೈಸಿಕಲ್ ಥೀವ್ಸ್' ಮತ್ತೆ ನೋಡಿದೆ. ಅದಕ್ಕೇ ಈ ಪತ್ರ.

1948ರ ಸಿನಿಮಾ. ವಿಟ್ಟೋರಿಯೊ ಡಿ ಸಿಕಾ ಮಾಡಿದ್ದು. ಕಥೆ ನಿನಗೆ ಗೊತ್ತು. ರೋಮ್ ನಗರದಲ್ಲಿ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದ ಮೊದಲ ದಿನವೇ ಅಂಟೋನಿಯೊನ ಸೈಕಲ್ ಕಳುವಾಗುತ್ತದೆ. ಸೈಕಲ್ ಇಲ್ಲದಿದ್ದರೆ ಕೆಲಸ ಇಲ್ಲ. ಚಿಕ್ಕ ಮಗ ಬ್ರೂನೊನನ್ನು ಕರಕೊಂಡು ಊರೆಲ್ಲ ಹುಡುಕುತ್ತಾನೆ. ಈ ಸಲ ನಾನು ನೋಡಿದ್ದು ಅವರ ನಡಿಗೆಯನ್ನು ಮಾತ್ರ. ಅಪ್ಪ ಮುಂದೆ, ಉದ್ದುದ್ದ ಹೆಜ್ಜೆ. ಮಗ ಹಿಂದೆ, ಓಡೋಡಿ. ಮಳೆಯಲ್ಲಿ ಹುಡುಗ ಜಾರಿ ಬೀಳುತ್ತಾನೆ. ಅಪ್ಪನಿಗೆ ಅದು ಗೊತ್ತೇ ಆಗುವುದಿಲ್ಲ. ಎದ್ದು ಬಟ್ಟೆ ಒರೆಸಿಕೊಳ್ಳುವಾಗ ಏನಾಯ್ತು ಅಂತ ಕೇಳುತ್ತಾನೆ. ಬಿದ್ದೆ ಅಂತ ಹುಡುಗ ಸಿಟ್ಟಿನಲ್ಲಿ ಹೇಳುತ್ತಾನೆ.

ನಾವು ಅಪ್ಪಂದಿರ ಬೆನ್ನು ನೋಡಿಕೊಂಡೇ ಬೆಳೆದವರು, ಅಲ್ವಾ? ಊರಲ್ಲಿ ಅಪ್ಪನಿಗೆ ಜಗಲಿ ಇತ್ತು, ಗದ್ದೆ ಇತ್ತು, ಎದುರು ಸಿಕ್ಕಿದವರು ನಮಸ್ಕಾರ ಅನ್ನುತ್ತಿದ್ದರು. ದಾರಿಗೆ ಬಿದ್ದರೆ ಅದ್ಯಾವುದೂ ಜೊತೆಗೆ ಬರುವುದಿಲ್ಲ. ವಿಳಾಸ ಕೇಳಬೇಕು, ಟಿಕೆಟ್‌ಗೆ ಸಾಲಲ್ಲಿ ನಿಲ್ಲಬೇಕು, ಚಿಲ್ಲರೆ ಎಣಿಸಬೇಕು. ಯಜಮಾನಿಕೆ ಒಂದೊಂದೇ ಕಳಚಿಕೊಳ್ಳುತ್ತಾ ಹೋಗುತ್ತದೆ. ಅದು ಮಗನ ಕಣ್ಣಿಗೆ ಬೀಳಬಾರದು ಅಂತ ಅವರು ಬೇಗಬೇಗ ಮುಂದೆ ನಡೆಯುತ್ತಾರೆ ಅಂತ ನನಗೆ ಈಗ ಅನ್ನಿಸುತ್ತಿದೆ.

ಯಾಕೆ ಹೀಗನ್ನುತ್ತೇನೆ ಅಂದರೆ, ನಿನಗೂ ಹೇಳದ ಒಂದು ವಿಷಯ ಇದೆ. ನಾನಾಗ ನಾಲ್ಕನೇ ಕ್ಲಾಸು. ಕಬ್ಬು ಕಡಿದು ಕಳಿಸಿ ತಿಂಗಳುಗಳಾಗಿದ್ದರೂ ದುಡ್ಡು ಬಂದಿರಲಿಲ್ಲ. ಅಪ್ಪ ನನ್ನನ್ನು ಕರಕೊಂಡು ಮಂಡ್ಯದಲ್ಲಿ ಪ್ಯಾಸೆಂಜರ್ ರೈಲು ಹತ್ತಿದರು. ಮೈಸೂರು ಸ್ಟೇಷನ್ನಿನಿಂದ ಒಂಟಿಕೊಪ್ಪಲಿನ ತನಕ ನಡೆದೆವು. ಪಂಚೆಯ ತುದಿ ಒಂದು ಕೈಯಲ್ಲಿ ಹಿಡಿದು ಅಪ್ಪ ಮುಂದೆ, ನಾನು ಹಿಂದೆ. ಅಲ್ಲಿ ನೆಂಟರೊಬ್ಬರ ಮನೆ. ನನ್ನನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಒಳಗೆ ಹೋದರು. ಹತ್ತು ನಿಮಿಷಕ್ಕೆ ವಾಪಸ್ ಬಂದರು. ಏನೂ ಹೇಳಲಿಲ್ಲ. ಸ್ಟೇಷನ್ ಹತ್ತಿರ ಒಂದು ಹೋಟೆಲಿಗೆ ಕರಕೊಂಡು ಹೋಗಿ ನನಗೆ ಮಸಾಲೆ ದೋಸೆ ಹೇಳಿದರು. ಅವರು ಬರೀ ಕಾಫಿ ಕುಡಿದರು. ಎದ್ದು ಹೊರಡುವಾಗ "ನಿಮ್ಮವ್ವಂಗೆ ಹೇಳ್ಬ್ಯಾಡ ಕಣ್ಲಾ" ಅಂದರು.

ದೋಸೆ ತಿಂದಿದ್ದನ್ನು ಹೇಳಬೇಡ ಅನ್ನುತ್ತಿದ್ದಾರೆ ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ.

ಆ ಸಿನಿಮಾದಲ್ಲೂ ಒಂದು ಹೋಟೆಲ್ ಇದೆ ನೋಡು. ಸಿಟ್ಟಿನಲ್ಲಿ ಮಗನ ಕೆನ್ನೆಗೆ ಹೊಡೆದ ಅಂಟೋನಿಯೊ ಆಮೇಲೆ ಅವನನ್ನು ಊಟಕ್ಕೆ ಕೂರಿಸುತ್ತಾನೆ, ವೈನ್ ತರಿಸುತ್ತಾನೆ. ಅಷ್ಟರಲ್ಲೇ ಸಂಬಳದ ಲೆಕ್ಕ ಬರೆಯಲು ಶುರು. ಎಷ್ಟು ಬರುತ್ತಿತ್ತು, ಎಷ್ಟು ಹೋಯಿತು. ಲೆಕ್ಕ ಬರೆಯುವವನು ಮಗ. ಕೊನೆಗೆ ಅಪ್ಪ ತಾನೇ ಒಂದು ಸೈಕಲ್ ಕದಿಯಲು ಹೋಗಿ ಜನರ ಕೈಗೆ ಸಿಕ್ಕಿಬೀಳುತ್ತಾನೆ, ಏಟು ತಿನ್ನುತ್ತಾನೆ. ಬ್ರೂನೊ ಎಲ್ಲ ನೋಡುತ್ತಾನೆ. ಜನ ಬಿಟ್ಟು ಕಳಿಸಿದ ಮೇಲೆ ಅಪ್ಪ ಅಳುತ್ತಾ ನಡೆಯುತ್ತಾನೆ. ಹುಡುಗ ಅವನ ಕೈ ಹಿಡಿದುಕೊಳ್ಳುತ್ತಾನೆ. ದಿನವಿಡೀ ಹಿಂದೆ ಓಡಿದವನು ಈಗ ಪಕ್ಕದಲ್ಲಿದ್ದಾನೆ.

ಇನ್ನೊಂದನ್ನು ನಾನು ಮೊದಲು ಗಮನಿಸಿರಲೇ ಇಲ್ಲ. ಆ ಸೈಕಲ್ ಅಡ ಇಟ್ಟಿದ್ದು. ಅದನ್ನು ಬಿಡಿಸಲು ಹೆಂಡತಿ ಮರಿಯಾ ಹಾಸಿಗೆಯ ಮೇಲಿನ ಹೊದಿಕೆಗಳನ್ನು ಕಿತ್ತು ಅಡ ಇಡುತ್ತಾಳೆ. ಅಪ್ಪ ಮಗನ ದಾರಿ ಶುರುವಾಗುವುದೇ ಅವಳ ಹೊದಿಕೆಯಿಂದ. ಆಮೇಲೆ ಸಿನಿಮಾ ಅವಳನ್ನು ಮರೆತುಬಿಡುತ್ತದೆ. ನಾವು ಮೈಸೂರಿಂದ ಬಂದ ರಾತ್ರಿ ಅವ್ವ ಏನೂ ಕೇಳಲಿಲ್ಲ. ಬೆಳಗ್ಗೆ ನೋಡಿದರೆ ಅವಳ ಕಿವಿಯಲ್ಲಿ ಓಲೆ ಇರಲಿಲ್ಲ, ಕಡ್ಡಿ ಇತ್ತು. ನನ್ನಿಂದ ಅಪ್ಪ ಮುಚ್ಚಿಸಿದ್ದು ಅವಳಿಗೆ ಮೊದಲೇ ಗೊತ್ತಿತ್ತು.

ಗಂಡಸು ಎದ್ದು ಹೊರಟುಹೋಗುವುದನ್ನು ದೊಡ್ಡ ತ್ಯಾಗ ಅನ್ನುವ ಸಿನಿಮಾಗಳ ಮೇಲೆ ನನಗೆ ಈಗ ಸಿಟ್ಟು ಬರುತ್ತದೆ. ವಿಮ್ ವೆಂಡರ್ಸ್ ಅವರ 'ಪ್ಯಾರಿಸ್, ಟೆಕ್ಸಾಸ್' (1984) ನನ್ನ ಇಷ್ಟದ ಚಿತ್ರ, ಗೊತ್ತಲ್ಲ. ನಾಲ್ಕು ವರ್ಷ ಕಾಣೆಯಾಗಿದ್ದ ಟ್ರಾವಿಸ್, ಅಪ್ಪನಂತೆ ಕಾಣುವುದು ಹೇಗೆ ಅಂತ ಮನೆಗೆಲಸದವಳನ್ನು ಕೇಳುತ್ತಾನೆ. ನೆಲ ನೋಡಬೇಡ, ಆಕಾಶ ನೋಡಿಕೊಂಡು ನಡೆ ಅಂತ ಅವಳು ಹೇಳಿಕೊಡುತ್ತಾಳೆ. ಎಂಥ ಮಾತು! ಸೂಟು, ಟೋಪಿ ಹಾಕಿಕೊಂಡು ಅವನು ರಸ್ತೆಯ ಒಂದು ಬದಿಗೆ, ಮಗ ಇನ್ನೊಂದು ಬದಿಗೆ. ಇಲ್ಲಿಯವರೆಗೂ ಅದ್ಭುತ. ಆದರೆ ಕೊನೆ? ಹಿಂದೆ ಹೆಂಡತಿಯ ಕಾಲಿಗೆ ಗಂಟೆ ಕಟ್ಟಿ ಕಾವಲು ಕಾದವನು ಅವನು. ತಪ್ಪು ಒಪ್ಪಿಕೊಳ್ಳುತ್ತಾನೆ, ಮಗನನ್ನು ಅವಳ ಹತ್ತಿರ ಸೇರಿಸುತ್ತಾನೆ, ಕಾರು ಹತ್ತಿ ಹೋಗಿಬಿಡುತ್ತಾನೆ. ಮರುದಿನದ ಸ್ನಾನ, ಊಟ, ಸ್ಕೂಲು ಎಲ್ಲ ಅವಳ ತಲೆಗೆ. ತನ್ನ ಕೈಯಿಂದ ಇನ್ನೊಮ್ಮೆ ಕೇಡಾದೀತು ಅನ್ನುವ ಹೆದರಿಕೆ ಅವನಿಗಿರಬಹುದು. ಆದರೂ ನನಗೆ ಒಪ್ಪಿಗೆ ಇಲ್ಲ. ಸತ್ಯಜಿತ್ ರಾಯ್ ಅವರ 'ಅಪುರ್ ಸಂಸಾರ್' (1959) ಚಿತ್ರದ ಅಪುವೂ ಹೆಂಡತಿ ಸತ್ತ ಸಂಕಟದಲ್ಲಿ ಮಗನನ್ನು ಬಿಟ್ಟು ಅಲೆದವನೇ. ಆದರೆ ಅವನು ವಾಪಸ್ ಬರುತ್ತಾನೆ. ಅಪ್ಪ ಅನ್ನಿಸಿಕೊಳ್ಳಲು ಆಗದೆ, ಗೆಳೆಯ ಅನ್ನಿಸಿಕೊಂಡು ಮಗನನ್ನು ಹೆಗಲಿಗೆ ಏರಿಸಿಕೊಳ್ಳುತ್ತಾನೆ.

ನಮ್ಮ ಮಂಡ್ಯದ 'ತಿಥಿ'ಯನ್ನೂ ನಾವು ಬರೀ ನಗುವ ಸಿನಿಮಾ ಅಂತ ನೋಡಿದೆವು. 2016ರಲ್ಲಿ ಒಟ್ಟಿಗೇ ಹೋಗಿದ್ದೆವಲ್ಲ. ನೊದೆಕೊಪ್ಪಲಿನಲ್ಲಿ, ನಟನೆ ಕಲಿಯದ ಊರ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ್ದು. ಆಸ್ತಿ ಮಾರಲು ಅಡ್ಡ ಆಗದಿರಲಿ ಅಂತ ತಮ್ಮಣ್ಣ ತನ್ನ ಅಪ್ಪ ಗಡ್ಡಪ್ಪನ ಕೈಗೆ ದುಡ್ಡು ಕೊಟ್ಟು ದೇಶ ಸುತ್ತಲು ಕಳಿಸುತ್ತಾನೆ. ಗಡ್ಡಪ್ಪ ಹೋಗಿ ಕುರಿಗಾಹಿಗಳ ಜೊತೆ ಸೇರುತ್ತಾನೆ. ಬಾಟಲಿ ಹಿಡಿದು ಸುಮ್ನೆ ನಡೆಯುವ ಆ ಮುದುಕ, ಬೆಂಕಿಯ ಮುಂದೆ ಕೂತು ತನ್ನ ಅಪ್ಪನಿಂದಲೇ ತನಗಾದ ದ್ರೋಹವನ್ನು ಹೇಳಿಕೊಳ್ಳುತ್ತಾನೆ. ಹೆತ್ತ ಮಗನಿಗೆ ಹೇಳದ್ದನ್ನು ಗುರುತಿಲ್ಲದವರ ಮುಂದೆ ಹೇಳುತ್ತಾನೆ. ಮಗ ಯಾವತ್ತೂ ಕೇಳಲೇ ಇಲ್ಲವಲ್ಲ.

ಅದಕ್ಕೇ ನೀನು ಕೇಳು ಅನ್ನುತ್ತೇನೆ. ದೊಡ್ಡ ಪ್ರಶ್ನೆ ಬೇಡ. ಹಾಸನ ದಾಟುವ ತನಕ ಸುಮ್ಮನಿದ್ದರೂ ಪರವಾಗಿಲ್ಲ. ಶಿರಾಡಿ ಘಾಟಿ ಇಳಿಯುವಾಗ ಅವರು 'ನಿಧಾನಕ್ಕೆ ಹೋಗು' ಅಂತ ಹತ್ತು ಸಲ ಹೇಳುತ್ತಾರೆ. ಹೇಳಲಿ ಬಿಡು. ಕಾಫಿಗೆ ನಿಲ್ಲಿಸಿದಾಗ ದುಡ್ಡು ಅವರೇ ಕೊಡಲಿ. ಜೇಬಿನಿಂದ ತೆಗೆಯಲು ತಡ ಆದರೂ ಕಾಯಿ.

ಹೋದ ತಿಂಗಳು ಅಪ್ಪನನ್ನು ಕಣ್ಣು ತೋರಿಸಲು ಊರಿಂದ ಮೈಸೂರಿಗೆ ಸ್ಕೂಟರಿನಲ್ಲಿ ಕರಕೊಂಡು ಬಂದೆ. 2023ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಸ್ಕೂಟರ್ ಬಿಡುವುದಿಲ್ಲವಲ್ಲ, ಸರ್ವಿಸ್ ರಸ್ತೆಯಲ್ಲೇ ನಿಧಾನಕ್ಕೆ ಬಂದೆವು. ಶ್ರೀರಂಗಪಟ್ಟಣದ ಹತ್ತಿರ ಆ ದೋಸೆಯ ದಿನ ನೆನಪಿದೆಯಾ ಅಂತ ಕೇಳಿದೆ. "ಯಾವ ದೋಸೆ? ನಂಗೆ ಗ್ಯಾನ ಇಲ್ಲ" ಅಂದರು. ಹೊಳೆ ದಾಟಿದೆವು. ಇಬ್ಬರೂ ಮಾತಾಡಲಿಲ್ಲ. ಬನ್ನಿಮಂಟಪದ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಧ್ವನಿ ಬಂತು.

"ಚಟ್ನಿ ಎಲ್ಡ್ ಸಲ ಹಾಕುಸ್ಕೊಂಡಿದ್ದೆ ನೀನು."

ನಿನ್ನ ಗೆಳೆಯ,
ಮೈಸೂರು