ಆ ಚೀಟಿಯಲ್ಲಿ ಪೂರ್ತಿ ಬರೆ, ಪುಟ್ಟಿ

ಕೊಡವೂರು, ಉಡುಪಿ
ಜುಲೈ 14

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಚೆನ್ನಾಗಿದ್ದೇವೆ. ಮೂರು ದಿನದಿಂದ ಮಳೆ ಬಿಟ್ಟಿಲ್ಲ. ದೊಡ್ಡಮ್ಮ ಪತ್ರೊಡೆ ಮಾಡಲು ಬೆಳಿಗ್ಗೆಯೇ ಕೆಸುವಿನ ಎಲೆ ಕೊಯ್ದು ತಂದಿದ್ದಾಳೆ. ನಿನಗೆ ಇಷ್ಟ ಅಂತ ನಾಲ್ಕು ಸಲ ಹೇಳಿದಳು.

ಮೊನ್ನೆ ನೀನು ಫೋನಿನಲ್ಲಿ ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆವತ್ತು ಲೈನ್ ಸರಿ ಇರಲಿಲ್ಲ, ನನಗೂ ತಕ್ಷಣ ಏನು ಹೇಳಬೇಕೆಂದು ತೋಚಲಿಲ್ಲ. ಅದಕ್ಕೇ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷ ನಾನೂ ಅಮೆರಿಕದಲ್ಲಿ ಇದ್ದವನು. ಕಾನ್ಸಾಸ್‌ನ ವಿಚಿಟಾದಲ್ಲಿ ನಾಲ್ವರು ಸೇರಿ ಸೆಸ್ನಾ 172 ಅನ್ನುವ ಒಂದು ಸಣ್ಣ ವಿಮಾನ ಇಟ್ಟುಕೊಂಡಿದ್ದೆವು. ನಿನ್ನ ಸಂಕಟ ಯಾವುದೆಂದು ನನಗೆ ಗೊತ್ತು.

ನೀನು ಹೇಳಿದ್ದು ಇಷ್ಟು. ಸಂಜೆ ನಿಮ್ಮ ಪಾಲುದಾರಿಕೆಯ ವಿಮಾನದಲ್ಲಿ ಒಬ್ಬಳೇ ಹೋಗಿ ಬಂದೆ. ಇಳಿಯುವಾಗ ವೇಗ ಜಾಸ್ತಿ ಇತ್ತು. ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿಯಿತು, ವಿಮಾನ ಮೇಲೆದ್ದಿತು, ಮತ್ತೆ ಬಡಿಯಿತು. ಹೇಗೋ ನಿಂತಿತು. ಹ್ಯಾಂಗರಿಗೆ ತಂದು ನೋಡಿದರೆ ಮುಂದಿನ ಚಕ್ರದ ಸ್ಟ್ರಟ್, ಅಂದರೆ ಪೆಟ್ಟು ತಡೆಯಲು ಆಯಿಲ್, ಗಾಳಿ ತುಂಬಿದ ಕಾಲು, ಪೂರ್ತಿ ಕೂತುಬಿಟ್ಟಿದೆ, ಕೆಂಪು ಆಯಿಲ್ ನೆಲಕ್ಕೆ ಸುರಿದಿದೆ. ಪ್ರೊಪೆಲ್ಲರಿಗೆ 'ಸ್ಟ್ರಟ್ ಲೀಕ್, ಹಾರಿಸಬೇಡಿ' ಎಂದು ಚೀಟಿ ಕಟ್ಟಿ ಮನೆಗೆ ಹೋದೆ. ಇಬ್ಬರು ಪಾಲುದಾರರಿಗೂ ಅಷ್ಟೇ ಮೆಸೇಜ್ ಮಾಡಿದೆ. ಈಗ ಪಾಲು ಮಾರಿ ಕೈತೊಳೆದುಕೊಳ್ಳುತ್ತೇನೆ ಅನ್ನುತ್ತಿದ್ದೀ.

ಚೀಟಿ ಕಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ಅದರಲ್ಲಿ ಬರೆದದ್ದು ಅರ್ಧ ಮಾತ್ರ. ಸ್ಟ್ರಟ್‌ಗೆ ಆಯಿಲ್, ಗಾಳಿ ತುಂಬುವುದು ಅಲ್ಲಿನ ಕಾನೂನಿನಲ್ಲಿ ಪೈಲಟ್ ಆಗಿರುವ ಮಾಲೀಕರೇ ಮಾಡಬಹುದಾದ ಕೆಲಸ. ಮೆಕ್ಯಾನಿಕ್ ಬರಬೇಕೆಂದಿಲ್ಲ. ನಿನ್ನ ಪಾಲುದಾರರು ಒಳ್ಳೆಯ ಮನಸ್ಸಿನಿಂದಲೇ ಒಂದು ಶನಿವಾರ ಬಂದು, ಆಯಿಲ್ ತುಂಬಿ, ನೈಟ್ರೋಜನ್ ಹಾಕಿ, ನಿನಗೆ ಕಷ್ಟ ಕೊಡುವುದು ಬೇಡ ಅಂತ ತಾವೇ ಹಾರಿಸಿ ನೋಡಿಯಾರು. ನನಗೆ ಭಯ ಇರುವುದು ಅಲ್ಲಿ.

ಯಾಕೆ ಅಂತ ಹೇಳುತ್ತೇನೆ. 172ರಲ್ಲಿ ನೋಸ್ ಗೇರ್, ಅಂದರೆ ಮುಂದಿನ ಚಕ್ರ ಮತ್ತು ಅದರ ಕಾಲು, ಕೂತಿರುವುದು ಫೈರ್‌ವಾಲ್ ಮೇಲೆ. ಇಂಜಿನ್‌ಗೂ ನಿನ್ನ ಕಾಲಿಗೂ ನಡುವೆ ಇರುವ ಆ ತಗಡಿನ ಗೋಡೆಯೇ ಫೈರ್‌ವಾಲ್. ಹಿಂದಿನ ಎರಡು ಚಕ್ರಗಳ ಕಾಲು ಸ್ಪ್ರಿಂಗ್ ಸ್ಟೀಲಿನದು. ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಇಳಿಯುವ ಭಾರ ಹೊರಲು ಮಾಡಿದ್ದು ಅವನ್ನು. ಮುಂದಿನ ಚಕ್ರ ಇರುವುದು ವಿಮಾನವನ್ನು ತಿರುಗಿಸಲು, ಮೂಗನ್ನು ಎತ್ತಿ ಹಿಡಿಯಲು. ಅದರ ಮೇಲೆ ಇಳಿದರೆ ಪೆಟ್ಟು ಸ್ಟ್ರಟ್ ದಾಟಿ ನೇರ ಗೋಡೆಗೆ ಹೋಗುತ್ತದೆ. ಸ್ಟ್ರಟ್ ಹೊರಗೆ ಕಾಣುತ್ತದೆ, ಗೋಡೆ ಇಂಜಿನ್ ಮುಚ್ಚುವ ಕೌಲಿಂಗ್ ಒಳಗೆ ಇರುತ್ತದೆ.

ಇನ್ನು ವೇಗದ ಲೆಕ್ಕ. 65 ನಾಟ್‌ನಲ್ಲಿ ಬರಬೇಕಾದಲ್ಲಿ 75ರಲ್ಲಿ ಬಂದರೆ ಹತ್ತೇ ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ವಿಮಾನದಲ್ಲಿರುವ ಶಕ್ತಿ ಮೂರನೇ ಒಂದು ಪಾಲು ಜಾಸ್ತಿ ಆಗಿರುತ್ತದೆ. ಅದು ಇಳಿಯಲು ಒಪ್ಪುವುದಿಲ್ಲ, ತೇಲುತ್ತಲೇ ಹೋಗುತ್ತದೆ. ರನ್‌ವೇ ಮುಗಿಯುತ್ತಾ ಬಂತು ಅಂತ ನಾವು ಯೋಕನ್ನು, ಅಂದರೆ ಮೂಗು ಏರಿಸಿ ಇಳಿಸುವ ಹಿಡಿಕೆಯನ್ನು, ಮುಂದೆ ಒತ್ತುತ್ತೇವೆ. ಮೂಗು ಮೊದಲು ಬಡಿಯುತ್ತದೆ, ಮೇಲೆ ಹಾರುತ್ತದೆ. ರೆಕ್ಕೆಗೆ ಮತ್ತೆ ಗಾಳಿ ಸಿಕ್ಕಿ ವಿಮಾನ ಏಳುತ್ತದೆ. ಹೆದರಿ ಮತ್ತೆ ಒತ್ತುತ್ತೇವೆ. ಪ್ರತಿ ಸಲವೂ ಪೆಟ್ಟು ಜೋರಾಗುತ್ತದೆ. ಸಾಮಾನ್ಯವಾಗಿ ಮೂರನೆಯದರಲ್ಲಿ ಏನಾದರೂ ಮುರಿಯುತ್ತದೆ. ಇನ್ನು ಮುಂದೆ ಒಮ್ಮೆ ಹಾಗೆ ಎದ್ದರೆ ಥ್ರಾಟಲ್ ಪೂರ್ತಿ ಕೊಟ್ಟು ಮೇಲೆ ಹೋಗು. ಸುತ್ತು ಹೊಡೆದು ಮತ್ತೆ ಬಾ. ಸರಿಯಾಗಿ ಇಳಿದಾಗಲೂ ಯೋಕನ್ನು ಹಿಂದಕ್ಕೇ ಹಿಡಿದಿರು. ಮುಂದಿನ ಚಕ್ರ ವೇಗ ಇಳಿದಂತೆ ತಾನಾಗಿ ನೆಲ ಮುಟ್ಟಲಿ.

ಈಗ ನನ್ನ ಕಥೆ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ.

1989ರ ಅಕ್ಟೋಬರ್. ಕಾನ್ಸಾಸ್‌ನ ಗಾಳಿ ನಿನಗೆ ಗೊತ್ತಿಲ್ಲ, ಬಯಲಿನಲ್ಲಿ ತಡೆಯೇ ಇಲ್ಲ. ನಾನು ಥೇಟ್ ನಿನ್ನ ಹಾಗೆಯೇ ಇಳಿದೆ. ಮೂರು ಸಲ ಎದ್ದಿತು. ಕತ್ತಲಾಗಿತ್ತು, ಹ್ಯಾಂಗರಿನ ಸಾಲಿನಲ್ಲಿ ಯಾರೂ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಐದಕ್ಕೇ ಹೋಗಿ ಸ್ಟ್ರಟ್ ತುಂಬಿಸಿದೆ, ನೆಲ ಒರೆಸಿದೆ. ಯಾರಿಗೂ ಹೇಳಲಿಲ್ಲ. ಸ್ಟ್ರಟ್ ಎದ್ದು ನಿಂತಿತು, ಅಷ್ಟು ಸಾಕು ಅಂದುಕೊಂಡೆ.

ನಮ್ಮ ನಾಲ್ವರಲ್ಲಿ ಒಬ್ಬರು ಶಾಲೆಯ ಮೇಷ್ಟ್ರು. ಆ ಭಾನುವಾರ ತಮ್ಮ ಇಬ್ಬರು ಸಣ್ಣ ಮಕ್ಕಳನ್ನು ಕೂರಿಸಿಕೊಂಡು ಹಾರಿಸಿದರು. ವಾಪಸ್ ಇಳಿದಾಗ ಮುಂದಿನ ಚಕ್ರ ಅಂಗಡಿಯ ತಳ್ಳುಗಾಡಿಯ ಚಕ್ರದ ಹಾಗೆ ಅಡ್ಡಾದಿಡ್ಡಿ ನಡುಗತೊಡಗಿತಂತೆ. ಡ್ಯಾಶ್‌ಬೋರ್ಡ್ ಕಾಣದಷ್ಟು ಅದುರಿತಂತೆ. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಚಕ್ರದ ನಡುಕ ತಡೆಯುವ ಡ್ಯಾಂಪರ್ ಹೋಗಿರಬೇಕು ಅಂತ ಅವರು ಕೌಲಿಂಗ್ ಬಿಚ್ಚಿದರು.

ನಾನು ಹೋಗುವಾಗ ಅವರು ಟಾರ್ಚ್ ಹಿಡಿದು ನಿಂತಿದ್ದರು. ಫೈರ್‌ವಾಲಿನ ಕೆಳಭಾಗ ಒದ್ದೆ ಹಪ್ಪಳದ ಹಾಗೆ ಅಲೆ ಅಲೆಯಾಗಿ ಸುಕ್ಕುಗಟ್ಟಿತ್ತು. ಆರೇಳು ರಿವೆಟ್‌ಗಳ ಸುತ್ತ ಕಪ್ಪು ಮಸಿ ಹರಡಿತ್ತು. ಸಡಿಲವಾದ ರಿವೆಟ್ ಅಲುಗಾಡಿ ಅಲುಗಾಡಿ ತಗಡನ್ನು ಉಜ್ಜಿ ಬಿಡುವ ಪುಡಿ ಅದು. ಕೈಯಿಟ್ಟರೆ ಬೆರಳಿಗೆ ಅಂಟುತ್ತಿತ್ತು. 'ಇದು ಒಂದು ಇಳಿತದಲ್ಲಿ ಆದದ್ದಲ್ಲ' ಅಂದರು ಅವರು. ಆಗ ನಾನು ಹೇಳಿದೆ.

ಅವರು ಕೂಗಾಡಲಿಲ್ಲ. ಒಂದೇ ಮಾತು ಕೇಳಿದರು: 'ಆ ರಾತ್ರಿಯೇ ಯಾಕೆ ಫೋನ್ ಮಾಡಲಿಲ್ಲ? ನನ್ನ ಮಕ್ಕಳು ಅದರಲ್ಲಿ ಕೂತಿದ್ದರು.' ಅದಾದ ಮೇಲೆ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಅವರಿಗೆ ಹಾಗೆ ಮಾಡುವ ಹಕ್ಕಿತ್ತು. ತಗಡು ಬಗ್ಗಿಸಿದ್ದಕ್ಕೆ ಸಿಟ್ಟಾದ ಮನುಷ್ಯ ಅಲ್ಲ ಅವರು. ನಾನು ಐದು ದಿನ ಸುಮ್ಮನಿದ್ದದ್ದು ಅವರಿಗೆ ತಡೆಯಲಾಗಲಿಲ್ಲ. ಇವತ್ತಿಗೂ ಆ ಇಬ್ಬರು ಮಕ್ಕಳ ಮುಖ ನೆನಪಾದರೆ ನನಗೆ ನಿದ್ದೆ ಬರುವುದಿಲ್ಲ ಪುಟ್ಟಿ.

ಮುಂದೆ ಏನಾಯಿತು ಅನ್ನುವುದನ್ನೂ ನೀನು ಕೇಳಬೇಕು. ವಿಷಯ ಹ್ಯಾಂಗರಿನ ಸಾಲಿಗೆಲ್ಲ ಗೊತ್ತಾಯಿತು. ನಾನು ತಲೆ ತಗ್ಗಿಸಿ ಓಡಾಡುತ್ತಿದ್ದೆ. ಒಂದು ಶನಿವಾರ ಪಕ್ಕದ ಹ್ಯಾಂಗರಿನ ಹಿರಿಯರು ರಿವೆಟ್ ಗನ್ ಹಿಡಿದುಕೊಂಡು ತಾವಾಗಿ ಬಂದರು. ಅವರದು ಬೊನಾಂಜಾ, ಚಕ್ರ ಒಳಗೆ ಮಡಚುವ ವಿಮಾನ. ಹಿಂದೊಮ್ಮೆ ಇಳಿದು ಓಡುತ್ತಿರುವಾಗ ರೆಕ್ಕೆಯ ಫ್ಲ್ಯಾಪ್ ಎತ್ತಲು ಹೋಗಿ ಚಕ್ರ ಮಡಚುವ ಗೇರ್ ಸ್ವಿಚ್ಚನ್ನೇ ಎತ್ತಿದ್ದರಂತೆ. ಹಳೆಯ ಬೊನಾಂಜಾಗಳಲ್ಲಿ ಆ ಎರಡು ಸ್ವಿಚ್ಚುಗಳ ಜಾಗ ಬೇರೆ ವಿಮಾನಗಳಿಗೆ ಅದಲು ಬದಲು. ಕೈ ರೂಢಿಯ ಮೇಲೆ ಹೋಗುತ್ತದೆ. ಮೂಗು ಮಡಚಿ ರನ್‌ವೇ ಮೇಲೆ ಕೂತಿತ್ತಂತೆ. ಎದುರಿನ ಹ್ಯಾಂಗರಿನ, ಮೂನಿ ವಿಮಾನದವರು ತಮ್ಮ ಕಥೆ ಹೇಳಿದರು. ಯಾವುದೋ ಊರಿನಲ್ಲಿ ರಾತ್ರಿ ನಿಲ್ಲಿಸಿದ್ದಾಗ ಎಳೆಯುವ ಟ್ರ್ಯಾಕ್ಟರಿನವನು ಗುರುತು ಮೀರಿ ಚಕ್ರ ತಿರುಗಿಸಿ, ನೋಸ್ ಗೇರಿನ ಪೈಪು ನೆಗ್ಗಿಸಿ, ಹೇಳದೆ ಹೋಗಿದ್ದನಂತೆ. ಮೂನಿಯಲ್ಲಿ ಚಕ್ರ ತಿರುಗುವ ಮಿತಿ ತುಂಬ ಕಡಿಮೆ. ನಮ್ಮ 172ಕ್ಕೆ ಒಂದೊಂದು ಕಡೆಗೆ 30 ಡಿಗ್ರಿ. ನೀನೂ ವಿಮಾನ ಎಳೆಯುವ ಸಲಾಕೆ, ಆ ಟೋ ಬಾರ್ ಹಾಕಿ ತಿರುಗಿಸುವಾಗ ಅದನ್ನು ಮೀರಬೇಡ.

ವರ್ಷಗಟ್ಟಲೆ ಕೈ ಬೀಸಿ ನಕ್ಕು ಹೋಗುತ್ತಿದ್ದವರು ಇವರೆಲ್ಲ. ಇಂಥ ಕಥೆ ಅವರ ಹತ್ತಿರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆ ಚಳಿಗಾಲ ಪೂರ್ತಿ ಕೆಲಸ ನಡೆಯಿತು. ಲೈಸೆನ್ಸ್ ಇರುವ ಮೆಕ್ಯಾನಿಕ್ ಒಬ್ಬರು ಮೇಲ್ವಿಚಾರಣೆ ಮಾಡಿ ಸಹಿ ಹಾಕಿದರು. ಕೈಕೆಲಸ ನಮ್ಮದು. ಇಂಜಿನ್ ಇಳಿಸಿದೆವು, ಕೆಟ್ಟ ತಗಡು ತೆಗೆದೆವು. ನಾನು ತೆಳ್ಳಗಿದ್ದೆ, ಹಾಗಾಗಿ ಒಳಗೆ ಹೋಗುವ ಕೆಲಸ ನನಗೆ. ಸೀಟು ತೆಗೆದು, ಪೆಡಲುಗಳ ಕೆಳಗೆ ತಲೆ ಇಟ್ಟು, ಅಂಗಾತ ಮಲಗಿ ಬಕಿಂಗ್ ಬಾರ್ ಹಿಡಿಯುವುದು. ಅಂಗೈಯಷ್ಟು ಕಬ್ಬಿಣದ ತುಂಡು ಅದು. ಹೊರಗಿನಿಂದ ಹಿರಿಯರು ರಿವೆಟ್ ಹೊಡೆಯುತ್ತಾರೆ, ಒಳಗೆ ನಾನು ರಿವೆಟ್ಟಿನ ಬಾಲದ ತುದಿಗೆ ಆ ತುಂಡನ್ನು ಒತ್ತಿ ಹಿಡಿಯಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ. ಅವರು ತಗಡಿಗೆ ಒಂದು ಸಲ ತಟ್ಟಿದರೆ 'ತಯಾರಾ?' ಅಂತ. ನಾನು ಒಂದು ಸಲ ತಟ್ಟಿದರೆ 'ಹೊಡೆಯಿರಿ'. ಎರಡು ಸಲ ತಟ್ಟಿದರೆ 'ಸರಿಯಾಯಿತು'. ನಾನು ಓರೆ ಹಿಡಿದರೆ ರಿವೆಟ್ ಓರೆಯಾಗುತ್ತಿತ್ತು. ಅದನ್ನು ಕೊರೆದು ತೆಗೆದು ಮತ್ತೆ ಹಾಕಬೇಕು. ಅವರು ಒಂದು ದಿನವೂ ಗೊಣಗಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಹೊರಗಿನಿಂದ ತಟ್ಟಿದ ಸದ್ದು ಬೇರೆ ಥರ ಇತ್ತು. ಹೊರಗೆ ಬಂದು ನೋಡಿದರೆ ಮೇಷ್ಟ್ರು. ಹಿರಿಯರ ಕೈಯಿಂದ ಗನ್ ತೆಗೆದುಕೊಂಡು ನಿಂತಿದ್ದರು. ಏನೂ ಹೇಳಲಿಲ್ಲ. ನಾನು ಮತ್ತೆ ಒಳಗೆ ಹೋಗಿ ಮಲಗಿದೆ.

ಇಲ್ಲಿ ಈಗ ಮೀನುಗಾರಿಕೆಗೆ ರಜೆ, ಜೂನ್ ಒಂದರಿಂದ ಜುಲೈ ಕೊನೆಯವರೆಗೆ. ಸಂಜೆ ಮಳೆ ಬಿಟ್ಟರೆ ಮಲ್ಪೆ ಬಂದರಿಗೆ ನಡೆದು ಹೋಗುತ್ತೇನೆ. ಬೋಟುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಬಲೆ ಸರಿ ಮಾಡುವವರ ಪಕ್ಕ ಕೂರುತ್ತೇನೆ. ಸಮುದ್ರದ ನಡುವೆ ಇಂಜಿನ್ ನಿಂತರೆ ಬೋಟಿನವರು ವಯರ್‌ಲೆಸ್‌ನಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ, ಹತ್ತಿರದ ಬೋಟು ಬಂದು ಹಗ್ಗ ಕಟ್ಟಿ ಎಳೆದು ತರುತ್ತದೆ. ಅವರನ್ನು ನೋಡುವಾಗೆಲ್ಲ ನನಗೆ ಆ ಹ್ಯಾಂಗರಿನ ಸಾಲು ನೆನಪಾಗುತ್ತದೆ. ನಿನ್ನ ಸಾಲಿನಲ್ಲೂ ಅಂಥವರು ಇದ್ದೇ ಇದ್ದಾರೆ. ನೀನು ಬಾಯಿ ಬಿಡದೆ ಅವರಿಗೆ ತಿಳಿಯುವುದು ಹೇಗೆ?

ಪ್ರೊಪೆಲ್ಲರ್ ವಿಷಯ ಮರೆಯಬೇಡ. ತುದಿ ನೆಲಕ್ಕೆ ತಾಗಿತೋ ಇಲ್ಲವೋ ಗೊತ್ತಿಲ್ಲ ಅಂದೆ. ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಆಫ್ ಇದೆಯಾ ನೋಡಿಕೊಂಡು, ಎರಡೂ ತುದಿಗಳನ್ನು ಹತ್ತಿರದಿಂದ ನೋಡು, ಉಗುರಿನಿಂದ ಸವರು. ಹೊಸ ಗೀರು, ಡಾಂಬರಿನ ಬಣ್ಣ, ಸ್ವಲ್ಪ ಬಗ್ಗಿದ್ದು, ಏನೇ ಇದ್ದರೂ ಅಲ್ಲಿಗೆ ನಿಲ್ಲಿಸು. ಓಡುವ ಇಂಜಿನ್‌ನ ಪ್ರೊಪೆಲ್ಲರ್ ನೆಲಕ್ಕೆ ತಾಗಿದರೆ ಏನು ಮಾಡಬೇಕೆಂದು ಇಂಜಿನ್ ತಯಾರಿಸುವ ಲೈಕಮಿಂಗ್‌ನ ಸರ್ವಿಸ್ ಬುಲೆಟಿನ್ 533ರಲ್ಲಿದೆ. ಕ್ರ್ಯಾಂಕ್‌ಶಾಫ್ಟ್ ಹಿಂದಿನ ಗೇರ್ ಮತ್ತು ಅದರ ಬೋಲ್ಟ್ ನೋಡಲೇಬೇಕೆಂದು ಅಲ್ಲಿನ ಸರಕಾರದ 2004ರ ಆದೇಶವೂ ಇದೆ. ಇಂಜಿನ್ ಈಗ ಮೆತ್ತಗೆ ಓಡುತ್ತಿದೆಯಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಖರ್ಚು ದೊಡ್ಡದು, ಗೊತ್ತು. ವಿಮೆಯವರಿಗೆ ಇದ್ದದ್ದು ಇದ್ದ ಹಾಗೆ ತಿಳಿಸು. ಹಣ ಸಾಲದಿದ್ದರೆ ನಾನಿದ್ದೇನೆ.

ಇನ್ನೊಂದು ವಿಷಯ, ಬರೆಯಲು ಕಷ್ಟ. 2010ರ ಮೇ 22ರ ಬೆಳಿಗ್ಗೆ ನಾನು ಇಲ್ಲೇ ಇದ್ದೆ. ನೀನು ಆಗ ಸಣ್ಣವಳು. ದುಬೈನಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕೆಳಗೆ ಬಿತ್ತು. 158 ಜನ ಹೋದರು, ಎಂಟು ಜನ ಉಳಿದರು. ನಮ್ಮ ಊರುಗಳಲ್ಲಿ ಆ ದಿನ ಅಳದ ಮನೆ ಇರಲಿಲ್ಲ. ತನಿಖೆಯ ವರದಿಯಲ್ಲಿ ಒಂದು ವಿಷಯ ಇದೆ. ಜೊತೆಯ ಪೈಲಟ್ ಮೂರು ಸಲ 'ಗೋ ಅರೌಂಡ್', ಅಂದರೆ ಇಳಿಯದೆ ಮತ್ತೆ ಮೇಲೇರಿ ಅಂದಿದ್ದರು. ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. ಅದು ದೊಡ್ಡ ಜೆಟ್, ನಿನ್ನದು ನಾಲ್ಕು ಸೀಟಿನದು. ಆದರೆ ಇಳಿದೇ ತೀರುತ್ತೇನೆ ಅನ್ನುವ ಹಠ ಎರಡಕ್ಕೂ ಒಂದೇ. ಮುಂದೆ ನೀನು ಯಾರ ಪಕ್ಕ ಕೂತರೂ ಆ ಮಾತನ್ನು ಜೋರಾಗಿ ಹೇಳು. ನಿನಗೆ ಯಾರಾದರೂ ಹೇಳಿದರೆ ಯೋಚಿಸದೆ ಥ್ರಾಟಲ್ ಕೊಡು.

ಈಗ ಮಾಡಬೇಕಾದದ್ದು ಇಷ್ಟೇ. ಈ ಪತ್ರ ಓದಿದ ದಿನವೇ ಇಬ್ಬರು ಪಾಲುದಾರರಿಗೂ ಫೋನ್ ಮಾಡು. ಮೆಸೇಜ್ ಬೇಡ. ಎಷ್ಟು ವೇಗದಲ್ಲಿ ಬಂದೆ, ಎಷ್ಟು ಸಲ ಬಡಿಯಿತು, ಎಲ್ಲ ಹೇಳು. ಅವರಲ್ಲಿ ಒಬ್ಬರು ಸಿಟ್ಟಾಗಬಹುದು, ಆಗಲಿ. ನಂತರ ಹ್ಯಾಂಗರಿಗೆ ಹೋಗಿ ಆ ಚೀಟಿ ಬಿಚ್ಚಿ ಹೊಸದು ಬರೆ: ನೋಸ್ ಗೇರ್ ಮೇಲೆ ಗಟ್ಟಿಯಾಗಿ ಇಳಿದಿದೆ, ಫೈರ್‌ವಾಲ್ ಮತ್ತು ಪ್ರೊಪೆಲ್ಲರ್ ನೋಡದೆ ಹಾರಿಸಬೇಡಿ. ಕೆಳಗೆ ನಿನ್ನ ಹೆಸರು, ತಾರೀಕು ಹಾಕು. ಶನಿವಾರ ಬೆಳಿಗ್ಗೆ ಎಲ್ಲರೂ ಸೇರಿ ತಿಂಡಿ ತಿನ್ನುತ್ತಾರೆ ಅಂದಿದ್ದೆಯಲ್ಲ, ಅಲ್ಲಿಗೂ ಹೋಗು. ಪಾಲು ಮಾರುವ ಮಾತು ವಿಮಾನ ಸರಿಯಾಗಿ, ನೀನು ಅದರಲ್ಲಿ ಹತ್ತು ಸಲ ಇಳಿದ ಮೇಲೆ ಆಡೋಣ.

ಸೆಪ್ಟೆಂಬರಿನಲ್ಲಿ ನಿನ್ನ ಅಮ್ಮ ಅಲ್ಲಿಗೆ ಬರುತ್ತಾಳಲ್ಲ, ಅವಳ ಕೈಯಲ್ಲಿ ದೊಡ್ಡಮ್ಮ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಳಿಸುತ್ತಿದ್ದಾಳೆ. ಹಪ್ಪಳದ ಡಬ್ಬಿಯ ಕೆಳಗೆ ಹಳೆಯ ಬೈರಾಸಿನಲ್ಲಿ ಸುತ್ತಿದ ಒಂದು ಕಬ್ಬಿಣದ ತುಂಡು ಇದೆ, ಆ ಬಕಿಂಗ್ ಬಾರ್. ನಾನು ಊರಿಗೆ ಹೊರಟಾಗ ಪಕ್ಕದ ಹ್ಯಾಂಗರಿನ ಹಿರಿಯರು ನನ್ನ ಕೈಗೆ ಕೊಟ್ಟದ್ದು. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ದೊಡ್ಡ ಪೆಟ್ಟಿಗೆಗೇ ಹಾಕು ಅಂತ ಅಮ್ಮನಿಗೆ ಹೇಳಿದ್ದೇನೆ. ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದೇನೆ. ಹಿಡಿಯುವ ಮೊದಲು ಒರೆಸಿಕೋ.

ಫೋನ್ ಮಾಡಿ ಆದ ಮೇಲೆ ನನಗೂ ಒಂದು ಫೋನ್ ಮಾಡು. ಇಲ್ಲಿ ನಡುರಾತ್ರಿ ಆಗಿದ್ದರೂ ಪರವಾಗಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ